ಕೂಸಿನ ಗಾಡಿ ಕೊಳ್ಳುವ ಮುನ್ನ

ಧಾರವಾಡದ ನಮ್ಮ ಹಳೆಯ ಮನೆಯ ಅಟ್ಟದ ಮೇಲೆ ತೇಗದ ಕಟ್ಟಿಗೆಯ ಒಂದು ತೊಟ್ಟಿಲಿದೆ. ನಮ್ಮ ತಂದೆಯವರನ್ನೂ ನಮ್ಮನ್ನೂ ನಮ್ಮ ಇಬ್ಬರು ಮಕ್ಕಳನ್ನೂ ಅದರಲ್ಲಿಯೇ ಮಲಗಿಸಿ ತೂಗಿದ್ದುಂಟು. ಆ ತೊಟ್ಟಿಲಿನ ಮಗ್ಗುಲಲ್ಲಿ ಕೆಲವು ವರ್ಷಗಳಿಂದ ಇನ್ನೊಂದು ವಸ್ತು ಮಡಿಸಿದ ಸ್ಥಿತಿಯಲ್ಲಿ ಗೋಡೆಗೆ ಒರಗಿ ನಿಂತಿದೆ. ಅದು ನಮ್ಮ ಮಗ ಲಂಡನ್ನಿನಲ್ಲಿ ಕೊಂಡ ಮಕ್ಕಳ ಗಾಡಿ. ಅದರ ಬೆಲೆಯಲ್ಲಿ ಒಂದು ಒಳ್ಳೆಯ ಎಮ್ಮೆಯನ್ನೇ ಕಟ್ಟಬಹುದಿತ್ತು ಎಂದು ನಮ್ಮ ಮನೆಯವರು ಇಂದಿಗೂ ಹೇಳುವುದನ್ನು ಬಿಟ್ಟಿಲ್ಲ. ಲಂಡನ್ನಿನಲ್ಲಿ ಒಂದು ವರ್ಷಕ್ಕೂ ಮೇಲ್ಪಟ್ಟು ದಿನಕ್ಕೆ ಎರಡು ಬಾರಿ ಓಡಾಡಿದ ಆ ಗಾಡಿ ಧಾರವಾಡದಲ್ಲಿ ಒಂದು ತಿಂಗಳು ಕೂಡ ಉಪಯೋಗಕ್ಕೆ ಬರಲಿಲ್ಲ. ಗಾಡಿಯಲ್ಲಿ ದೋಷವಿರಲಿಲ್ಲ, ಆರಿಸಿದವರೂ ಅವಿವೇಕಿಗಳಲ್ಲ. ಊರು ಬದಲಾಗಿತ್ತು, ಅಷ್ಟೆ.

2024ರಲ್ಲಿ ಬೆಂಗಳೂರಿನಲ್ಲಿರುವ ನಮ್ಮ ಮಗಳಿಗೆ ಹೆರಿಗೆಯಾದಾಗ ಅದೇ ಪ್ರಶ್ನೆ ಮತ್ತೊಮ್ಮೆ ನಮ್ಮ ಮುಂದೆ ಬಂದಿತು. ಎಲ್ಲ ಕೆಲಸಕ್ಕೂ ಒದಗುವ ಒಂದೇ ಗಾಡಿಯನ್ನು ಕೊಳ್ಳಬೇಕು, ಯಾವುದನ್ನು ಕೊಳ್ಳೋಣ ಎಂದು ಅಳಿಯಂದಿರು ಕೇಳಿದರು. ಒಮ್ಮೆ ಪೆಟ್ಟು ತಿಂದವರಾದ್ದರಿಂದ ಈ ಸಲ ನಾವು ಸ್ವಲ್ಪ ವಿಚಾರ ಮಾಡಿಯೇ ಅಂಗಡಿಯ ಮೆಟ್ಟಿಲು ಹತ್ತಿದೆವು. ಇದೇ ಯೋಚನೆಯಲ್ಲಿರುವ ಮನೆಗಳು ಈಗ ಬಹಳವಿರುವುದರಿಂದ, ಆಗ ಕಂಡುಕೊಂಡ ಸಂಗತಿಗಳನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುತ್ತಿದ್ದೇವೆ.

ಮೊದಲಿಗೆ ಹೆಸರಿನ ಮಾತು. ‘ತಳ್ಳುಗಾಡಿ’ ಎಂದೊಡನೆ ನಮಗೆ ಕಾಯಿಪಲ್ಲೆ ಮಾರುವವರ ನೆನಪಾಗುತ್ತದೆ. ಅಂಗಡಿಯವರು ‘ಸ್ಟ್ರೋಲರ್’ ಎನ್ನುತ್ತಾರೆ, ಹಳಬರು ‘ಪ್ರಾಮ್’ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಅದು ಮೊದಲ ದಿನದಿಂದಲೂ ‘ಕೂಸಿನ ಗಾಡಿ’. ನಮ್ಮ ಹಿರಿಯರಿಗೆ ಇದರ ಅಗತ್ಯ ಬೀಳಲಿಲ್ಲ. ತುಂಬಿದ ಮನೆಯಲ್ಲಿ ಕೂಸನ್ನು ಎತ್ತಿಕೊಳ್ಳಲು ಹತ್ತು ಕಂಕುಳುಗಳಿದ್ದವು. ಅಜ್ಜಿಯ ಸೊಂಟದಿಂದ ಚಿಕ್ಕಮ್ಮನ ಸೊಂಟಕ್ಕೆ, ಅಲ್ಲಿಂದ ನೆರೆಮನೆಯ ಹುಡುಗಿಯ ಸೊಂಟಕ್ಕೆ ದಾಟುತ್ತ ದಾಟುತ್ತ ಮಗು ದೊಡ್ಡದಾಗುತ್ತಿತ್ತು. ಇಂದು ಒಂಬತ್ತನೆಯ ಮಹಡಿಯ ಮನೆಯಲ್ಲಿ ತಂದೆತಾಯಿಗಳಿಬ್ಬರೇ ಇರುತ್ತಾರೆ. ಬಾಣಂತನಕ್ಕೆಂದು ಹೋದ ಅಜ್ಜಿಗೆ ಮೊಣಕಾಲು ನೋವು. ಇಂಥ ಮನೆಗೆ ಗಾಡಿ ಒಡವೆಯೂ ಅಲ್ಲ, ಸೋಗೂ ಅಲ್ಲ.

ಗಾಡಿಯ ಇತಿಹಾಸವನ್ನು ನೋಡಿದರೆ ‘ಎಲ್ಲಕ್ಕೂ ಒದಗುವುದು’ ಎಂಬ ಮಾತಿನ ಅರ್ಥ ಚೆನ್ನಾಗಿ ತಿಳಿಯುತ್ತದೆ. 1733ರಲ್ಲಿ ಇಂಗ್ಲೆಂಡಿನ ವಿಲಿಯಂ ಕೆಂಟ್ ಎಂಬ ವಾಸ್ತುಶಿಲ್ಪಿಯು ಡೆವನ್‌ಶೈರ್‌ನ ಮೂರನೆಯ ಡ್ಯೂಕರ ಮಕ್ಕಳಿಗಾಗಿ ಶಂಖಚಿಪ್ಪಿನಾಕಾರದ ಒಂದು ಚಿಕ್ಕ ಗಾಡಿಯನ್ನು ಮಾಡಿಕೊಟ್ಟರು. ಅದನ್ನು ತಳ್ಳುತ್ತಿರಲಿಲ್ಲ, ಸಾಕಿದ ಪ್ರಾಣಿಗೆ ಕಟ್ಟಿ ಎಳೆಸುತ್ತಿದ್ದರು. ಮುಂದೆ 1889ರಲ್ಲಿ ಅಮೆರಿಕದ ವಿಲಿಯಂ ರಿಚರ್ಡ್‌ಸನ್ ಎಂಬುವರು ಮಗುವಿನ ಮುಖ ತಾಯಿಯ ಕಡೆಗಾದರೂ ದಾರಿಯ ಕಡೆಗಾದರೂ ತಿರುಗುವಂತೆ ಮಾಡಿ ಹಕ್ಕುಪತ್ರ ಪಡೆದರು. ಆದರೂ ಗಾಡಿ ಭಾರವಾಗಿಯೇ ಉಳಿಯಿತು. ಅದನ್ನು ಹಗುರ ಮಾಡಿದವರು ಓವೆನ್ ಮ್ಯಾಕ್ಲಾರೆನ್ ಎಂಬ ನಿವೃತ್ತ ಇಂಜಿನಿಯರರು. ಎರಡನೆಯ ಮಹಾಯುದ್ಧದ ಪ್ರಸಿದ್ಧ ಸ್ಪಿಟ್‌ಫೈರ್ ವಿಮಾನದ ಗಾಲಿಗಳು ಮಡಿಚಿಕೊಳ್ಳುವ ಚೌಕಟ್ಟಿನ ಕೆಲಸ ಮಾಡಿದ್ದ ಅವರು, ಮಗಳು ತನ್ನ ಕೂಸನ್ನು ಕರೆದುಕೊಂಡು ತವರಿಗೆ ಬಂದಾಗ ಆ ದೊಡ್ಡ ಗಾಡಿಯೊಡನೆ ಪಡುವ ಪಾಡನ್ನು ಕಣ್ಣಾರೆ ಕಂಡರು. ವಿಮಾನಕ್ಕೆ ಬಳಸುವ ಅಲ್ಯೂಮಿನಿಯಂ ಕೊಳವೆಗಳಿಂದ, ಕೊಡೆಯಂತೆ ಮಡಿಸಬಹುದಾದ, ಮೂರು ಕೆ.ಜಿ.ಗಿಂತಲೂ ಕಡಿಮೆ ತೂಕದ ಗಾಡಿಯನ್ನು 1965ರಲ್ಲಿ ಸಿದ್ಧಪಡಿಸಿದರು. ಇಂದು ನಮ್ಮ ಪೇಟೆಗಳಲ್ಲಿ ಕಾಣುವ ಹಗುರ ಗಾಡಿಗಳಿಗೆಲ್ಲ ಅದೇ ಮೂಲ. ಇನ್ನು ಕೆಟ್ಟ ದಾರಿಯ ಸಮಸ್ಯೆಯೊಂದು ಉಳಿದಿತ್ತು. 1984ರಲ್ಲಿ ಅಮೆರಿಕದ ಫಿಲ್ ಬೇಕ್ಲರ್ ಎಂಬುವರು ಮಗುವನ್ನು ತಳ್ಳಿಕೊಂಡೇ ಓಡುವ ಹಂಬಲದಿಂದ ಗಾಡಿಗೆ ಸೈಕಲ್ಲಿನ ಗಾಲಿಗಳನ್ನು ಹಾಕಿ ಆ ಕೊರತೆಯನ್ನೂ ನೀಗಿದರು.

ಹೀಗೆ ಒಬ್ಬೊಬ್ಬರು ಒಂದೊಂದು ತೊಡಕನ್ನು ಬಿಡಿಸಿದರು. ಇವೆಲ್ಲವನ್ನೂ ಒಂದರಲ್ಲಿಯೇ ಕೂಡಿಸಿದ್ದೇವೆ ಎಂದು ಇಂದಿನ ಬಹುಪಯೋಗಿ ಗಾಡಿಗಳ ತಯಾರಕರು ಹೇಳುತ್ತಾರೆ. ಕೂಡಿಸುವುದು ಸುಲಭವಲ್ಲ. ಗಾಲಿ ದೊಡ್ಡದಾದರೆ ತೂಕ ಏರುತ್ತದೆ, ತೂಕ ಇಳಿಸಿದರೆ ಗಾಲಿ ಕಿರಿದಾಗುತ್ತದೆ. ಬೆನ್ನು ಪೂರ್ತಿ ಮಲಗಬೇಕೆಂದರೆ ಚೌಕಟ್ಟು ಉದ್ದವಾಗಬೇಕು, ಆಗ ಮಡಿಸಿದರೂ ಕಾರಿನ ಡಿಕ್ಕಿ ತುಂಬಿಹೋಗುತ್ತದೆ. ಆದ್ದರಿಂದ ನಮ್ಮ ಮನೆಗೆ ಯಾವುದನ್ನು ಬಿಟ್ಟರೂ ನಡೆದೀತು, ಯಾವುದನ್ನು ಬಿಟ್ಟರೆ ನಡೆಯದು ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡು ಹೋಗುವುದೇ ಜಾಣತನ.

ಬಿಡಲೇಬಾರದ ಒಂದು ಸಂಗತಿಯನ್ನು ನಾವು ಲಂಡನ್ನಿನಲ್ಲಿ ಕಲಿತೆವು. 2017ರಲ್ಲಿ ಸೊಸೆಯ ಬಾಣಂತನಕ್ಕೆಂದು ನಾವಿಬ್ಬರೂ ಅಲ್ಲಿಗೆ ಹೋಗಿದ್ದೆವು. ಮಗನು ಹೆರಿಗೆಗೆ ಮುಂಚೆಯೇ ಕೊಡೆಯಂತೆ ಮಡಿಸುವ ಹಗುರ ಗಾಡಿಯೊಂದನ್ನು ತಂದಿಟ್ಟಿದ್ದ. ಕೂಸು ಹುಟ್ಟುವ ಮೊದಲೇ ಅದರ ಸಾಮಾನು ಮನೆಗೆ ಬರಬಾರದೆಂಬ ನಮ್ಮ ಕಡೆಯ ರೂಢಿಯನ್ನು ನೆನೆದು ನಮ್ಮ ಮನೆಯವರು ಸ್ವಲ್ಪ ಮುಖ ಸಣ್ಣದು ಮಾಡಿಕೊಂಡರು. ಆ ದೇಶದಲ್ಲಿ ಹೆರಿಗೆಯಾದ ಎರಡು ವಾರಗಳ ಸುಮಾರಿಗೆ ‘ಹೆಲ್ತ್ ವಿಜಿಟರ್’ ಎಂಬ ಆರೋಗ್ಯ ಕಾರ್ಯಕರ್ತೆ ಮನೆಗೇ ಬಂದು ತಾಯಿ-ಮಗುವನ್ನು ವಿಚಾರಿಸುವ ಪದ್ಧತಿಯಿದೆ. ಹಾಗೆ ಬಂದಾಕೆ ಕೂಸಿನ ತೂಕ ನೋಡಿದ ಮೇಲೆ ಬಾಗಿಲ ಬಳಿಯಿದ್ದ ಗಾಡಿಯನ್ನೂ ನೋಡಿದಳು. ಅದರ ಬೆನ್ನನ್ನು ಎಷ್ಟು ಹಿಂದಕ್ಕೆ ಬಾಗಿಸಲು ಬರುತ್ತದೆ ಎಂದು ಕೇಳಿದಳು. ಅರ್ಧದಷ್ಟು ಎಂದು ಮಗ ಉತ್ತರಿಸಿದಾಗ, ಹಾಗಾದರೆ ಆರು ತಿಂಗಳವರೆಗೆ ಇದನ್ನು ಒಳಗಿಡಿ ಎಂದು ಸಮಾಧಾನದಿಂದಲೇ ಹೇಳಿದಳು.

ಕಾರಣ ಸರಳವಾದುದು. ಹಸುಗೂಸಿನ ಕುತ್ತಿಗೆಯಲ್ಲಿ ತಲೆಯನ್ನು ಹಿಡಿದು ನಿಲ್ಲಿಸುವ ಶಕ್ತಿಯಿರುವುದಿಲ್ಲ. ಕುಳಿತ ಭಂಗಿಯಲ್ಲಿ ಇರಿಸಿದರೆ ತಲೆ ಮುಂದಕ್ಕೆ ವಾಲಿ, ಗದ್ದ ಎದೆಗೆ ತಾಗಿ, ಉಸಿರಿನ ದಾರಿ ಕಿರಿದಾಗಬಹುದು. ಕೂಸು ಅಳುವುದಿಲ್ಲ, ಸದ್ದು ಮಾಡುವುದಿಲ್ಲ. ನೋಡುವವರಿಗೆ ಸುಖವಾಗಿ ಮಲಗಿದಂತೆಯೇ ಕಾಣುತ್ತದೆ. ಅಪಾಯವಿರುವುದೇ ಅಲ್ಲಿ. ಮೊದಲ ನಾಲ್ಕು ತಿಂಗಳುಗಳಲ್ಲಿ ಈ ಎಚ್ಚರ ಬಹಳ ಮುಖ್ಯವೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘವೂ ಹೇಳುತ್ತದೆ. ಯುರೋಪಿನ ಇಎನ್ 1888 ಎಂಬ ಮಾನದಂಡದ ಪ್ರಕಾರ, ಹುಟ್ಟಿದಂದಿನಿಂದ ಬಳಸಬಹುದು ಎಂದು ಹೇಳಿಕೊಳ್ಳುವ ಗಾಡಿಯಲ್ಲಿ ಆಸನಕ್ಕೂ ಬೆನ್ನಿಗೂ ನಡುವಿನ ಕೋನ ಕನಿಷ್ಠ 150 ಡಿಗ್ರಿಯಷ್ಟಾದರೂ ತೆರೆಯಬೇಕು. ನಮ್ಮ ಮಟ್ಟಿಗೆ ನಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚಾಪೆಯಂತೆ ಸಮತಟ್ಟಾಗಿ ಮಲಗುವ ಬೆನ್ನನ್ನೇ ಆರಿಸಿರಿ ಎನ್ನುತ್ತೇವೆ. ಪೆಟ್ಟಿಗೆಯ ಮೇಲೆ ಅಚ್ಚಾದ ‘0+’ ಎಂಬ ಗುರುತನ್ನು ನಂಬಿ ಕೂಡಬಾರದು. ಅಂಗಡಿಯಲ್ಲಿಯೇ ಬೆನ್ನನ್ನು ಕೊನೆಯವರೆಗೂ ಇಳಿಸಿ ಕಣ್ಣಿನಿಂದ ನೋಡಬೇಕು.

ಆ ಹಗುರ ಗಾಡಿಯನ್ನು ಒಳಗಿಟ್ಟು ಮಗನು ಎರಡನೆಯದನ್ನು ತಂದ. ಎಮ್ಮೆಯ ಬೆಲೆಯದು ಇದೇ. ಹಸುಗೂಸಿಗೆ ಮಲಗುವ ಬುಟ್ಟಿ, ಬೆಳೆದ ಮೇಲೆ ಕೂಡುವ ಆಸನ, ಎರಡನ್ನೂ ಒಂದೇ ಚೌಕಟ್ಟಿಗೆ ಜೋಡಿಸಲು ಬರುತ್ತಿತ್ತು. ನಿಜ ಹೇಳಬೇಕೆಂದರೆ ಅದು ಬಲು ಸೊಗಸಾದ ಗಾಡಿ. ಥೇಮ್ಸ್ ನದಿಯ ದಂಡೆಯಲ್ಲಿ, ಲ್ಯಾಂಬೆತ್ ಭಾಗದಲ್ಲಿ, 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯ ದರ್ಶನಕ್ಕೆ ನಾವು ಮೊಮ್ಮಗನನ್ನು ಅದರಲ್ಲಿಯೇ ಕರೆದೊಯ್ದೆವು. ಪಾದಚಾರಿ ದಾರಿ ಎಲ್ಲಿ ರಸ್ತೆಯನ್ನು ಕೂಡುತ್ತದೆಯೋ ಅಲ್ಲಿ ಅಂಚನ್ನು ಇಳಿಜಾರು ಮಾಡಿರುತ್ತಾರೆ. ಒಂದೇ ಕೈಯಿಂದ ತಳ್ಳಿದರೂ ಗಾಡಿ ನೀರಿನಂತೆ ಹರಿಯಿತು, ಕೂಸಿಗೆ ಎಚ್ಚರವೇ ಆಗಲಿಲ್ಲ. ಹಾಗೆಂದು ಅಲ್ಲಿ ಎಲ್ಲವೂ ಸುಲಭವೆಂದಲ್ಲ. ನೆಲದಡಿಯ ರೈಲಿನ ಹಲವಾರು ಹಳೆಯ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ. ಮೆಟ್ಟಿಲುಗಳ ಮೇಲೆ ಆ ಹನ್ನೆರಡು ಕೆ.ಜಿ. ಗಾಡಿಯನ್ನು ಮಗನೊಂದು ತುದಿ ನಾವೊಂದು ತುದಿ ಹಿಡಿದು ಪಲ್ಲಕ್ಕಿಯಂತೆ ಹೊತ್ತಿದ್ದೇವೆ. ಬಸ್ಸುಗಳಲ್ಲಿ ಗಾಡಿ ನಿಲ್ಲಿಸುವ ಜಾಗವು ಮೂಲತಃ ಗಾಲಿಕುರ್ಚಿಯವರದು. ಅವರು ಹತ್ತಿದರೆ ಜಾಗ ಬಿಟ್ಟು ಗಾಡಿಯನ್ನು ಮಡಿಸಿಕೊಳ್ಳಬೇಕು. ಈ ವಿಷಯ ಆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, ಗಾಲಿಕುರ್ಚಿಯವರಿಗೆ ಜಾಗ ಬಿಡಿಸಲು ಚಾಲಕರು ಬರಿಯ ಬಿನ್ನಹಕ್ಕಿಂತ ಹೆಚ್ಚಿನ ಪ್ರಯತ್ನ ಮಾಡಬೇಕೆಂದು 2017ರ ಜನವರಿಯಲ್ಲಿ ತೀರ್ಪಾಯಿತು. ಬಗಲಲ್ಲಿ ಕೂಸು, ಹೆಗಲಲ್ಲಿ ಚೀಲ ಇರುವಾಗ ಎರಡು ಕೈ ಬೇಡುವ ಗಾಡಿಯನ್ನು ಮಡಿಸುವುದು ಎಂಥ ಫಜೀತಿ ಎಂಬುದನ್ನು ನಮ್ಮ ಸೊಸೆಯನ್ನು ಕೇಳಬೇಕು.

ಮರುವರ್ಷ ಅವರು ರಜೆಗೆಂದು ಊರಿಗೆ ಬರುವಾಗ ಗಾಡಿಯನ್ನೂ ವಿಮಾನದಲ್ಲಿ ತಂದರು. ಮೊಮ್ಮಗನಿಗೆ ಆಗ ಹದಿನಾಲ್ಕು ತಿಂಗಳು. ಒಂದು ಸಂಜೆ ಅವನನ್ನು ಕೂಡಿಸಿಕೊಂಡು ಓಣಿಯ ಕೊನೆಯ ಕಿರಾಣಿ ಅಂಗಡಿಗೆ ನಾವೇ ಹೊರಟೆವು. ಸೊಸೆ ಒಳಗಿನಿಂದ ಕೂಗಿದಳು, “ಮಾವಾರ, ಬೆಲ್ಟ್ ಹಾಕೀರಿಲ್ರಿ?”

“ಇಲ್ಲೇ ಅಂಗಡೀತನಕ ಹೋಗಾಕ ಬೆಲ್ಟ್ ಯಾಕವ್ವಾ?” ಎಂದೆವು.

ಆಕೆ ಮರುಮಾತಾಡದೆ ಹೊರಗೆ ಬಂದು, ಎರಡು ಹೆಗಲು, ಎರಡು ಸೊಂಟ, ಕಾಲುಗಳ ನಡುವೆ ಒಂದು, ಹೀಗೆ ಐದೂ ಪಟ್ಟಿಗಳನ್ನು ಕೂಡಿಸಿ ಗುಂಡಿ ಹಾಕಿ ಒಳಗೆ ಹೋದಳು. ಈ ಹೊಸ ಕಾಲದವರ ಅತಿ ಜಾಗ್ರತೆಯನ್ನು ಕಂಡು ನಾವು ಮನಸ್ಸಿನಲ್ಲಿಯೇ ನಕ್ಕೆವು.

ಹೋಗುವಾಗ ಏನೂ ಆಗಲಿಲ್ಲ. ಬರುವಾಗ ಎರಡು ಕೆ.ಜಿ. ಬೆಲ್ಲ, ಐದು ಕೆ.ಜಿ. ಜೋಳದ ಹಿಟ್ಟಿನ ಚೀಲವನ್ನು ಹಿಡಿಕೆಗೆ ತೂಗುಹಾಕಿ ತಳ್ಳುತ್ತಿದ್ದೆವು. ಗಟಾರದ ಮೇಲೆ ಹಾಸಿದ ಕಲ್ಲುಚಪ್ಪಡಿಗಳ ನಡುವೆ ಒಂದು ಬಿರುಕಿತ್ತು. ಗೇಣಿಗಿಂತ ಕಿರಿದಾದ ಮುಂಗಾಲಿ ಅದರಲ್ಲಿ ಇಳಿದು ಸಿಕ್ಕಿಕೊಂಡಿತು. ನಮ್ಮ ನಡಿಗೆಯ ವೇಗಕ್ಕೆ ಗಾಡಿ ಮುಗ್ಗರಿಸಿ ಮುಂದಕ್ಕೆ ಬಾಗಿತು. ಮೊಮ್ಮಗ ಆಸನದಿಂದ ಕಿತ್ತು ಮುಂದೆ ಬಂದು, ಪಟ್ಟಿಗಳು ಬಿಗಿದು, ಗಾಳಿಯಲ್ಲಿ ತೂಗಿದಂತಾಗಿ ನಿಂತ. ಅವನ ಹಣೆಗೂ ಚಪ್ಪಡಿಯ ಅಂಚಿಗೂ ನಡುವೆ ಒಂದು ಮೊಳದ ಅಂತರವೂ ಇರಲಿಲ್ಲ. ಕೈ ನಡುಗುತ್ತಿರುವಾಗಲೇ ಗಾಡಿಯನ್ನು ನೆಟ್ಟಗೆ ಮಾಡಿ, ಗುಂಡಿ ಬಿಚ್ಚಿ ಅವನನ್ನು ಎತ್ತಿಕೊಂಡೆವು. ಎತ್ತಿದ್ದೇ ತಡ, ಹಿಡಿಕೆಗೆ ತೂಗುಹಾಕಿದ ಚೀಲದ ಭಾರಕ್ಕೆ ಗಾಡಿ ಹಿಂದಕ್ಕೆ ಉರುಳಿ ಬಿತ್ತು. ಹಿಟ್ಟು ಓಣಿಯ ತುಂಬ ಚೆಲ್ಲಿತು. ಮುಂದೆ ಕೂಸಿನ ಭಾರವಿದ್ದುದರಿಂದ ಮಾತ್ರ ಅದು ಅಲ್ಲಿಯವರೆಗೆ ನಿಂತಿತ್ತೆಂಬುದು ಆಗ ತಲೆಗೆ ಹೊಳೆಯಿತು. ಮನೆಗೆ ಬಂದು ಸೊಸೆಯ ಮುಂದೆ ನಡೆದುದನ್ನು ನಡೆದಂತೆ ಹೇಳಿದೆವು. ಆಕೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನಮಗೆ ಹಗುರವಾಗುತ್ತಿತ್ತು.

ಅಂದಿನಿಂದ ಎರಡು ವಿಷಯಗಳಲ್ಲಿ ನಾವು ಯಾರ ಮಾತನ್ನೂ ಕೇಳುವುದಿಲ್ಲ. ಐದು ಪಟ್ಟಿಯ ಕಟ್ಟು ಇಲ್ಲದ ಗಾಡಿ ಬೇಡ. ಆಸನದ ಮುಂದೆ ಅಡ್ಡವಾಗಿರುವ ಕಂಬಿ ಮಗು ಕೈಯಿಟ್ಟು ಆಡುವುದಕ್ಕೆ ಇದೆಯೇ ಹೊರತು ಮಗುವನ್ನು ಹಿಡಿಯುವುದಕ್ಕಲ್ಲ. ಮತ್ತು ಹಿಡಿಕೆಗೆ ಏನನ್ನೂ ತೂಗುಹಾಕಬಾರದು. ಸಾಮಾನಿಗೆ ಆಸನದ ಅಡಿಯಲ್ಲಿ ಬುಟ್ಟಿಯಿರುತ್ತದೆ, ಭಾರ ಅಲ್ಲಿ ನೆಲಕ್ಕೆ ಹತ್ತಿರವಾಗಿರುತ್ತದೆ.

ಬೆಂಗಳೂರಿನ ಅಂಗಡಿಗೆ ಹೋಗುವಾಗ ನಮ್ಮ ಕೈಯಲ್ಲಿ ಹತ್ತು ಕೆ.ಜಿ.ಯ ಒಂದು ಅಕ್ಕಿಯ ಚೀಲವಿತ್ತು. ಅಳಿಯಂದಿರಿಗೆ ಸ್ವಲ್ಪ ಸಂಕೋಚವಾಯಿತು. ಆದರೆ ಬರಿದಾದ ಗಾಡಿಯನ್ನು ನುಣುಪಾದ ಟೈಲ್ಸ್ ಮೇಲೆ ತಳ್ಳಿದರೆ ಎಲ್ಲವೂ ಒಳ್ಳೆಯದೇ. ವರ್ಷದ ಮಗುವಿನ ತೂಕ ಸುಮಾರು ಅಷ್ಟೇ ಇರುವುದರಿಂದ, ಚೀಲವನ್ನು ಆಸನದಲ್ಲಿಟ್ಟು ಪಟ್ಟಿ ಬಿಗಿದು, ಅಂಗಡಿಯ ಹೊರಗಿನ ಒಡೆದ ಕಾಲುದಾರಿಯ ಮೇಲೆ ತಳ್ಳಿ ನೋಡುತ್ತೇವೆಂದು ಕೇಳಿದೆವು. ಮಾಲೀಕರು ಒಪ್ಪಿದರು. ಮೂರು ಗಾಡಿಗಳ ಪೈಕಿ ಎರಡರ ಬಂಡವಾಳ ಹತ್ತು ಮಾರಿನೊಳಗೇ ಬಯಲಾಯಿತು. ಒಂದು ಒಂದೇ ಕೈಗೆ ಬಗ್ಗದೆ ಪಕ್ಕಕ್ಕೆ ಎಳೆಯುತ್ತಿತ್ತು. ಇನ್ನೊಂದರ ಚೌಕಟ್ಟು ಚೀಲದ ಭಾರಕ್ಕೇ ಕಿರುಗುಟ್ಟಿತು. ಮೂರನೆಯದರ ಗಾಲಿಗಳು ಗೇಣಿಗಿಂತ ತುಸು ದೊಡ್ಡವು, ಗಾಲಿಯ ಮೇಲೆ ಸ್ಪ್ರಿಂಗ್ ಇತ್ತು, ಮುಂಗಾಲಿಗಳನ್ನು ನೆಟ್ಟಗೆ ನಿಲ್ಲುವಂತೆ ಬಿಗಿಯಲು ಒಂದು ಕೀಲಿತ್ತು. ಕೆಟ್ಟ ದಾರಿ ಬಂದಾಗ ಆ ಕೀಲನ್ನು ಒತ್ತಿಕೊಂಡರೆ ಗಾಲಿ ಅಡ್ಡ ತಿರುಗಿ ಸಿಕ್ಕಿಕೊಳ್ಳುವ ಭಯ ಕಡಿಮೆ.

ಮುಖದ ದಿಕ್ಕಿನ ವಿಷಯದಲ್ಲಿ ಮಗಳು ಹಟ ಹಿಡಿದಳು, ಅದು ಸರಿಯಾದ ಹಟವೇ. 2008ರಲ್ಲಿ ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ಸುಜಾನ್ ಜೀಡಿಕ್ ಎಂಬ ಮನಶ್ಶಾಸ್ತ್ರಜ್ಞೆಯು ಬ್ರಿಟನ್ನಿನ ಬೀದಿಗಳಲ್ಲಿ ಗಾಡಿ ತಳ್ಳುವವರನ್ನು ಗಮನಿಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಮಗುವಿನ ಮುಖ ತಮ್ಮ ಕಡೆಗಿದ್ದಾಗ ತಂದೆತಾಯಿಗಳು ಅದರೊಡನೆ ಸುಮಾರು ಎರಡು ಪಟ್ಟು ಹೆಚ್ಚು ಮಾತನಾಡುತ್ತಿದ್ದರೆಂದು ತಿಳಿದುಬಂದಿತು. ಇದನ್ನು ತಿಳಿಯಲು ಅಧ್ಯಯನವೇ ಬೇಕೆ ಎಂದು ನಮ್ಮ ಮನೆಯವರು ಕೇಳಿದರು. ಸೊಂಟದ ಮೇಲಿನ ಕೂಸಿನೊಡನೆ ಮಾತಾಡದ ತಾಯಿ ಎಲ್ಲಿದ್ದಾಳೆ? ಅದಲ್ಲದೆ ಹಸುಗೂಸಿನ ಮುಖ ಕಣ್ಣಿಗೆ ಬೀಳುತ್ತಿದ್ದರೆ ಕುತ್ತಿಗೆ ವಾಲಿದ್ದೂ, ಹೊದಿಕೆ ಮೂಗಿಗೆ ಬಂದದ್ದೂ ತಕ್ಷಣ ತಿಳಿಯುತ್ತದೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಕೆಲವು ಗಾಡಿಗಳಲ್ಲಿ ಆಸನವನ್ನೇ ಕಿತ್ತು ತಿರುಗಿಸಿ ಕೂಡಿಸುತ್ತಾರೆ. ನಮ್ಮ ಪೇಟೆಯ ಕಡಿಮೆ ಬೆಲೆಯ ಹಲವು ಗಾಡಿಗಳಲ್ಲಿ ಆಸನ ಇದ್ದಲ್ಲಿಯೇ ಇದ್ದು, ಹಿಡಿಕೆ ಮಾತ್ರ ಆ ಕಡೆಯಿಂದ ಈ ಕಡೆಗೆ ಬಾಗುತ್ತದೆ. ಹಿಡಿಕೆ ಬಾಗಿಸಿದಾಗ ತಿರುಗುವ ಗಾಲಿಗಳು ತಳ್ಳುವವರ ಕಾಲಬುಡಕ್ಕೆ ಬಂದು, ನೆಟ್ಟಗಿನ ಗಾಲಿಗಳು ಮುಂದಾಗುತ್ತವೆ. ಆಗ ಗಾಡಿಯನ್ನು ತಿರುವಿನಲ್ಲಿ ಹೊರಳಿಸುವುದು ಕಷ್ಟ. ಬೆಲೆಯಲ್ಲಿ ಬಹಳ ಅಂತರವಿರುವುದರಿಂದ ಎರಡನೆಯ ಬಗೆಯನ್ನು ನಾವು ತಳ್ಳಿಹಾಕುವುದಿಲ್ಲ, ಆದರೆ ಹಿಡಿಕೆಯನ್ನು ಎರಡೂ ಕಡೆಗೆ ಬಾಗಿಸಿ ತಳ್ಳಿ ನೋಡದೆ ಹಣ ಕೊಡಬಾರದು.

ಮಡಿಸುವ ಪರೀಕ್ಷೆಯನ್ನು ಅಂಗಡಿಯ ಹುಡುಗನಿಂದ ಮಾಡಿಸಬಾರದು. ಅವನು ದಿನಕ್ಕೆ ಇಪ್ಪತ್ತು ಸಲ ಮಡಿಸುವವನು. ಮನೆಯಲ್ಲಿ ಯಾರು ಹೆಚ್ಚಾಗಿ ಗಾಡಿಯನ್ನು ಹೊರಡಿಸುತ್ತಾರೋ ಅವರೇ ಮಡಿಸಿ, ಎತ್ತಿ, ನಾಲ್ಕು ಮೆಟ್ಟಿಲು ಹತ್ತಿ ತೋರಿಸಬೇಕು. ನಮ್ಮಲ್ಲಿ ಅದು ನಮ್ಮ ಮನೆಯವರ ಪಾಲಿಗೆ ಬಂದಿತು. ಎಂಟು ಕೆ.ಜಿ.ಯ ಗಾಡಿಯನ್ನು ಎತ್ತಿದರು, ಹನ್ನೊಂದರದನ್ನು ಅರ್ಧಕ್ಕೆ ಎತ್ತಿ ಕೆಳಗಿಟ್ಟರು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ಮಡಿಸುವ ಕೀಲುಗಳನ್ನೂ ನೋಡಬೇಕು. 2009ರ ನವೆಂಬರಿನಲ್ಲಿ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಮ್ಯಾಕ್ಲಾರೆನ್ ಗಾಡಿಗಳ ವಿಷಯದಲ್ಲಿ ಹಿಂಪಡೆಯುವ ಪ್ರಕಟಣೆ ಹೊರಡಿಸಿ, ಕೀಲುಗಳಿಗೆ ಹೊದಿಕೆ ಒದಗಿಸಬೇಕಾಗಿ ಬಂದಿತು. ಗಾಡಿ ಬಿಚ್ಚುವಾಗ ಕೀಲಿಗೆ ಸಿಲುಕಿ ಹನ್ನೆರಡು ಮಕ್ಕಳ ಬೆರಳ ತುದಿಗಳು ತುಂಡಾದ ವರದಿಗಳಿದ್ದವು. ಅಷ್ಟು ಹೆಸರಾಂತ ಗಾಡಿಯಲ್ಲೇ ಹೀಗಾದ ಮೇಲೆ ಬೆಲೆಯನ್ನೋ ಹೆಸರನ್ನೋ ನೋಡಿ ನಿಶ್ಚಿಂತರಾಗುವಂತಿಲ್ಲ. ಕೀಲಿಗೆ ಹೊದಿಕೆಯಿರಲಿ ಬಿಡಲಿ, ಗಾಡಿಯನ್ನು ಬಿಚ್ಚುವಾಗ ಮತ್ತು ಮಡಿಸುವಾಗ ಮಗು ಮಾರು ದೂರವಿರಬೇಕು.

ಬ್ರೇಕಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಒಂದೇ ಒತ್ತಿಗೆ ಹಿಂದಿನ ಎರಡೂ ಗಾಲಿಗಳು ನಿಲ್ಲುವಂತಿರಬೇಕು. ಬಹುಮಹಡಿ ಕಟ್ಟಡಗಳಲ್ಲಿ ಕಾರು ಇಳಿಯುವ ಇಳಿಜಾರು ಇರುತ್ತದಲ್ಲವೆ, ಅಕ್ಕಿಯ ಚೀಲವನ್ನಿಟ್ಟು ಅಲ್ಲಿ ಒಮ್ಮೆ ನಿಲ್ಲಿಸಿ ನೋಡಿದರೆ ಸಾಕು.

ಕಾರಿನ ಆಸನವನ್ನೂ ಗಾಡಿಗೆ ಜೋಡಿಸುವ ‘ಟ್ರಾವೆಲ್ ಸಿಸ್ಟಮ್’ ಎಂಬುದನ್ನು ಈಗ ಎಲ್ಲ ಅಂಗಡಿಗಳಲ್ಲಿಯೂ ಮುಂದೆ ಮಾಡಿ ತೋರಿಸುತ್ತಾರೆ. ಕಾರಿರುವವರಿಗೆ ಮಗುವಿನ ಆಸನ ಬೇಕೇ ಬೇಕು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಸೀಟುಬೆಲ್ಟಿನಿಂದಾಗಲಿ ಮಕ್ಕಳ ರಕ್ಷಣಾಸನದಿಂದಾಗಲಿ ಭದ್ರಪಡಿಸದಿದ್ದರೆ 1,000 ರೂಪಾಯಿ ದಂಡವಿದೆ. ಅಜ್ಜಿಯ ತೊಡೆ ಎಷ್ಟೇ ಬೆಚ್ಚಗಿದ್ದರೂ ಕಾರಿನಲ್ಲಿ ಅದು ಆಸನವಲ್ಲ. ಆದರೆ ಆ ಆಸನವನ್ನು ಗಾಡಿಗೆ ಸಿಕ್ಕಿಸಿ ಗಂಟೆಗಟ್ಟಲೆ ಮಗುವನ್ನು ಅದರಲ್ಲಿಯೇ ಮಲಗಿಸುವುದು ಬೇರೆ ಮಾತು. ಅದು ಬಾಗಿದ ಆಸನ, ಕುತ್ತಿಗೆ ವಾಲುವ ಅದೇ ಭಯ ಇಲ್ಲಿಯೂ ಇದೆ. ಕಾರಿನಿಂದ ಮನೆಯ ಬಾಗಿಲವರೆಗೆ ಸಾಗಿಸಲು ಅದು ಅನುಕೂಲ, ಅಷ್ಟೆ. ಕಾರಿಲ್ಲದ ಮನೆಯವರು ಆ ಹೆಚ್ಚಿನ ಹಣವನ್ನು ಒಳ್ಳೆಯ ಗಾಲಿಗೆ ಹಾಕಲಿ.

ನಮ್ಮ ಬಿಸಿಲಿನ ಮಾತನ್ನು ಹೇಳದಿದ್ದರೆ ಬರಹ ಅಪೂರ್ಣವಾದೀತು. ಬಿಸಿಲು ಬಡಿಯುತ್ತದೆಂದು ಗಾಡಿಯ ಮೇಲೆ ಪಂಚೆಯನ್ನೋ ಸೀರೆಯನ್ನೋ ಪೂರ್ತಿ ಹೊದಿಸುವ ಅಭ್ಯಾಸ ಎಲ್ಲೆಲ್ಲಿಯೂ ಇದೆ, ನಾವೂ ಮಾಡಿದ್ದೇವೆ. ಆದರೆ ಒಳಗಿನ ಗಾಳಿ ಆಡದೆ ಮಗು ಬೇಯುತ್ತದೆ. ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಣ ಬಟ್ಟೆ ಹೊದಿಸಿದಾಗ ಗಾಡಿಯ ಒಳಗಿನ ತಾಪ ಹೊರಗಿಗಿಂತ ಏರಿತು. ತೆಳುವಾದ ಬಟ್ಟೆಯನ್ನು ಒದ್ದೆ ಮಾಡಿ ಹೊದಿಸಿ, ಚಿಕ್ಕ ಫ್ಯಾನಿನಿಂದ ಗಾಳಿಯಾಡಿಸಿದಾಗ ಇಳಿಯಿತು. ಆದ್ದರಿಂದ ಉದ್ದವಾಗಿ ಮುಂದೆ ಬರುವ, ಹಿಂದೆ ಜಾಲರಿಯ ಕಿಟಕಿಯಿರುವ ನೆರಳುಚಾವಣಿಯ ಗಾಡಿಯನ್ನು ಆರಿಸುವುದು ಲೇಸು. ಇನ್ನು ಹೊಗೆ. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದವರು 2018ರಲ್ಲಿ ಹೇಳಿದ ಪ್ರಕಾರ, ವಾಹನಗಳ ಹೊಗೆ ರಸ್ತೆಯಿಂದ ಒಂದು ಮೀಟರಿನೊಳಗೆ ದಟ್ಟವಾಗಿರುವುದರಿಂದ, ಗಾಡಿಯಲ್ಲಿರುವ ಮಗುವಿಗೆ ದೊಡ್ಡವರಿಗಿಂತ ಶೇ. 60ರವರೆಗೂ ಹೆಚ್ಚು ಮಾಲಿನ್ಯ ತಗುಲಬಹುದು. ನೆಲದಿಂದ ಎತ್ತರವಾದ ಆಸನಕ್ಕೆ ಹೀಗೊಂದು ಪ್ರಯೋಜನವೂ ಉಂಟು. ಮುಖ್ಯರಸ್ತೆಯ ಬದಲು ಉದ್ಯಾನದ ದಾರಿ ಹಿಡಿಯುವುದಂತೂ ಪುಕ್ಕಟೆಯ ಉಪಾಯ.

ಗಾಡಿ ಬೇಡವಾದ ಮನೆಗಳೂ ಇವೆ. ಹಳ್ಳಿಯಲ್ಲಿ, ಮಣ್ಣಿನ ದಾರಿಯಲ್ಲಿ, ಮನೆ ತುಂಬ ಜನರಿರುವಲ್ಲಿ ಅದು ಬಟ್ಟೆ ಒಣಗಿಸುವ ಗೂಟವಾಗುತ್ತದೆ. ಮಠದ ಜಾತ್ರೆಗೆ, ರಥೋತ್ಸವಕ್ಕೆ, ದಾಸೋಹದ ಸಾಲಿಗೆ ಗಾಡಿ ಒಯ್ದವರು ತಾವೂ ತೊಂದರೆಪಟ್ಟು ಇತರರಿಗೂ ಅಡ್ಡಿಯಾಗುತ್ತಾರೆ. ಅಲ್ಲಿ ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಜೋಳಿಗೆಯೇ ಸರಿ. ಇನ್ನೊಂದು ಮಾತು. ಕೆಲವರು ಗಾಡಿಗೆ ಬದಲಾಗಿ ವಾಕರ್ ಕೊಂಡರಾಯಿತೆಂದು ತಿಳಿಯುತ್ತಾರೆ. ಮಗು ಒಳಗೆ ನಿಂತು ಕಾಲಿನಿಂದ ಉರುಳಿಸಿಕೊಂಡು ಹೋಗುವ ಆ ಸಾಧನವು ಮೆಟ್ಟಿಲಿನಿಂದ ಉರುಳುವ ಅಪಘಾತಗಳಿಗೆ ಕಾರಣವೆಂದು ಕೆನಡಾ ದೇಶವು 2004ರಲ್ಲಿಯೇ ಅದರ ಮಾರಾಟವನ್ನು ನಿಷೇಧಿಸಿತು. ನಮ್ಮ ಹಿರಿಯರು ಮಾಡಿಸುತ್ತಿದ್ದ, ಮಗು ಹಿಂದೆ ನಿಂತು ತಳ್ಳುವ ಮೂರು ಗಾಲಿಯ ಮರದ ಗಾಡಿ ಬೇರೆ, ಇದು ಬೇರೆ.

ಯಾವಾಗ ಕೊಳ್ಳಬೇಕು ಎಂಬುದಕ್ಕೆ ನಮ್ಮ ರೂಢಿಯೇ ಉತ್ತರ ಕೊಡುತ್ತದೆ. ಬಾಣಂತಿ ಮೊದಲ ತಿಂಗಳುಗಳಲ್ಲಿ ಹೊರಗೆ ಹೊರಡುವುದೇ ಕಡಿಮೆ. ಆಸ್ಪತ್ರೆಗೆ ಚುಚ್ಚುಮದ್ದಿಗೆ ಹೋಗುವಾಗ ಎತ್ತಿಕೊಳ್ಳುವವರು ಇದ್ದೇ ಇರುತ್ತಾರೆ. ತೊಟ್ಟಿಲಿಗೆ ಹಾಕುವ ಕಾರ್ಯ ಮುಗಿದು, ತಾಯಿ ಚೇತರಿಸಿಕೊಂಡು, ತಾನೇ ಅಂಗಡಿಗೆ ಬಂದು ಹಿಡಿಕೆ ಹಿಡಿದು ನೋಡುವಂತಾದಾಗ ಕೊಂಡರೆ ಸಾಕು. ನಾವು ಮಗಳಿಗೆ ಕೊಂಡದ್ದು ಮೂರನೆಯ ತಿಂಗಳಿನಲ್ಲಿ. ಬೆಲೆ 13,000 ರೂಪಾಯಿ. ಪೇಟೆಯಲ್ಲಿ ಮೂರು-ನಾಲ್ಕು ಸಾವಿರದಿಂದ ಐವತ್ತು ಸಾವಿರವನ್ನು ದಾಟಿದವೂ ಇದ್ದವು. 15 ಕೆ.ಜಿ.ವರೆಗೆ ತಾಳುವ ಗಾಡಿಯಾದರೆ ಮಗುವಿಗೆ ಮೂರು ವರ್ಷ ತುಂಬುವವರೆಗೆ ಸಾಮಾನ್ಯವಾಗಿ ಸಾಲುತ್ತದೆ. 22 ಕೆ.ಜಿ.ಯವು ಇನ್ನೂ ಮುಂದೆ ಬಾಳುತ್ತವೆ, ಆದರೆ ಅಷ್ಟು ಹೊತ್ತಿಗೆ ಕೂಡುವ ಮಗು ಬೇಕಲ್ಲ!

ಬಂಧುಗಳ ಮನೆಯಿಂದ ಬಳಸಿದ ಗಾಡಿ ಸಿಕ್ಕರೆ ಸಂಕೋಚಪಡಬೇಕಾದ್ದಿಲ್ಲ, ಗಾಡಿ ಬಹಳ ದಿನ ಬಾಳುವ ವಸ್ತು. ಪಟ್ಟಿಗಳ ಹೊಲಿಗೆ ಬಿಟ್ಟಿದೆಯೇ, ಗುಂಡಿ ಟಕ್ಕೆಂದು ಕೂಡುತ್ತದೆಯೇ, ಬಿಚ್ಚಿ ನಿಲ್ಲಿಸಿದ ಮೇಲೆ ಎರಡೂ ಬದಿಯ ಕೊಂಡಿಗಳು ಬೀಳುತ್ತವೆಯೇ ಎಂಬುದನ್ನು ನೋಡಿಕೊಂಡರಾಯಿತು. ಕಾರಿನ ಆಸನವನ್ನು ಮಾತ್ರ, ಅದು ಅಪಘಾತವನ್ನು ಕಂಡಿಲ್ಲವೆಂದು ಖಚಿತವಾಗಿ ತಿಳಿಯದ ಹೊರತು ಪಡೆಯಬಾರದು. ನಮ್ಮ ಅಟ್ಟದ ಮೇಲಿನ ಲಂಡನ್ ಗಾಡಿಯನ್ನು ಈ ದೀಪಾವಳಿಯಲ್ಲಿ ಕೆಳಗಿಳಿಸಿ ಒರೆಸಿದೆವು. ನೆರೆಮನೆಯವರ ಮಗಳು ಹುಬ್ಬಳ್ಳಿಯ ಬಹುಮಹಡಿ ವಸತಿಯಲ್ಲಿದ್ದಾಳೆ. ಒಳಗೆಲ್ಲ ಸಮತಟ್ಟಾದ ಸಿಮೆಂಟ್ ದಾರಿ, ಲಿಫ್ಟ್ ದೊಡ್ಡದು, ಅವಳಿಗೆ ಮುಂದಿನ ತಿಂಗಳು ಹೆರಿಗೆ. ಕೂಸು ಹುಟ್ಟಿದ ಮೇಲೆ ಒಯ್ಯುತ್ತೇವೆಂದು ಹೇಳಿದ್ದಾರೆ. ಹಿಡಿಕೆಗೆ ನಮ್ಮ ಮನೆಯವರು ಒಂದು ಚೀಟಿ ಕಟ್ಟಿಟ್ಟಿದ್ದಾರೆ: “ಇಲ್ಲಿ ಚೀಲ ತೂಗುಹಾಕಬಾರದು.”